ಇಜಿಆರ್ ರಿಪೇರಿ ಆದ ಮೇಲೆ ಘಾಟಿನಲ್ಲಿ ಬಿಸಿಯೇರುವ ಪಿಕಪ್

ಪ್ರಶ್ನೆ: ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಸಾಗಿಸುತ್ತೇನೆ. ಗಾಡಿ ಬಿಎಸ್6 ಡೀಸೆಲ್ ಪಿಕಪ್, ಸುಮಾರು 1.3 ಲಕ್ಷ ಕಿಲೋಮೀಟರ್ ಓಡಿದೆ. ಕೆಲವು ತಿಂಗಳಿಂದ ಕೂಲೆಂಟ್ ಕಡಿಮೆಯಾಗುತ್ತಿತ್ತು, ಆದರೆ ಕೆಳಗೆ ಹನಿ ಬೀಳುತ್ತಿರಲಿಲ್ಲ. ನೀರು ಹಾಕಿಕೊಂಡು ಓಡಿಸಿದೆ. ಕೊನೆಗೆ ಇಜಿಆರ್ ಕೂಲರ್ ಒಡೆದಿದೆ ಅಂತ ಗೊತ್ತಾಗಿ ಹೊಸದು ಹಾಕಿಸಿದೆ, ಇಜಿಆರ್ ವಾಲ್ವನ್ನೂ ಬಿಚ್ಚಿ ತೊಳೆಸಿದೆ. ಆಮೇಲಿಂದ ಚೋರ್ಲಾ ಘಾಟು ಹತ್ತುವಾಗ ಟೆಂಪರೇಚರ್ ಮುಳ್ಳು ನಡುವಿನಿಂದ ಎರಡು ಗೆರೆ ಮೇಲೇರುತ್ತದೆ. ಅದೂ ವಾಪಸ್ ಬರುವಾಗ, ಖಾಲಿ ಕ್ರೇಟ್ ಮಾತ್ರ ಇದ್ದಾಗ. ಸಪಾಟು ರಸ್ತೆಗೆ ಬಂದರೆ ಇಳಿಯುತ್ತದೆ. ರಿಪೇರಿ ಆದ ವಾರದಲ್ಲೇ ಒಂದು ಲೀಟರ್ ಹತ್ತಿರ ಕೂಲೆಂಟ್ ಮತ್ತೆ ಹಾಕಬೇಕಾಯಿತು. ಮಿಸ್ತ್ರಿ "ಇಜಿಆರ್ ಈಗ ಖರೆ ಕೆಲಸಾ ಮಾಡಾಕತ್ತೈತ್ರಿ, ಸ್ವಲ್ಪ ಬಿಸಿ ಆಗೂದ" ಅನ್ನುತ್ತಾರೆ. ಬೇಡವಾದರೆ ಪ್ಲೇಟ್ ಹಾಕಿ ಬಂದ್ ಮಾಡೋಣ ಅಂದರು. ಇನ್ನೊಬ್ಬರು ಥರ್ಮೋಸ್ಟಾಟ್ ತೆಗೆದುಬಿಡಿ ಅಂದರು. ಯಾವುದು ಮಾಡಿಸಲಿ?

ಉತ್ತರ: ಎರಡೂ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮಿಸ್ತ್ರಿಯ ಮಾತು ನೋಡೋಣ, ಅದರಲ್ಲಿ ಅರ್ಧ ನಿಜ ಇದೆ.

ಇಜಿಆರ್ ಅಂದರೆ ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದು ಒಳಗೆ ಬೆರೆತರೆ ಸಿಲಿಂಡರಿನಲ್ಲಿ ಉರಿಯ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ. ಆದರೆ ಹೊಗೆ ಬರುವುದೇ ನೂರಾರು ಡಿಗ್ರಿ ಬಿಸಿಯಲ್ಲಿ. ಅದನ್ನು ತಣಿಸಿ ಕಳಿಸುವುದು ಕೂಲರಿನ ಕೆಲಸ. ಕೂಲರಿನ ಒಂದು ದಾರಿಯಲ್ಲಿ ಹೊಗೆ, ಪಕ್ಕದ ದಾರಿಯಲ್ಲಿ ಎಂಜಿನ್ನಿನದೇ ಕೂಲೆಂಟ್ ಹರಿಯುತ್ತವೆ. ಹೊಗೆಯ ಬಿಸಿ ಕೂಲೆಂಟಿಗೆ ಸೇರಿ ರೇಡಿಯೇಟರಿಗೆ ಹೋಗುತ್ತದೆ. ನಿಮ್ಮ ವಾಲ್ವ್ ಮಸಿ ಕಟ್ಟಿ ಮುಚ್ಚಿಕೊಂಡೇ ಕೂತಿದ್ದರೆ ಇಷ್ಟು ದಿನ ಆ ಹೊರೆ ಇರಲಿಲ್ಲ. ಈಗ ತೊಳೆದಿದ್ದಾರೆ, ವಾಲ್ವ್ ತೆರೆಯುತ್ತಿದೆ, ಹೊರೆ ವಾಪಸ್ ಬಂದಿದೆ. ಹಾಗಾಗಿ ಕೆಲವು ಡಿಗ್ರಿ ಹೆಚ್ಚಾದರೆ ಅದು ದೋಷ ಅಲ್ಲ. ಇಷ್ಟರ ಮಟ್ಟಿಗೆ ಮಿಸ್ತ್ರಿ ಹೇಳಿದ್ದು ಸರಿ.

ಆದರೆ ನಿಮ್ಮ ಗಾಡಿ ಬಿಸಿಯಾಗುವುದು ಎಲ್ಲಿ? ಘಾಟಿನಲ್ಲಿ. ಘಾಟಿನಲ್ಲಿ ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಚೆನ್ನಾಗಿ ಒತ್ತಿರುತ್ತದೆ. ಆಗ ಎಂಜಿನ್ನಿಗೆ ಶುದ್ಧ ಗಾಳಿ ಜಾಸ್ತಿ ಬೇಕು, ಅದಕ್ಕೆ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಜಿಆರ್ ವಾಲ್ವನ್ನು ಬಹುತೇಕ ಮುಚ್ಚಿಬಿಡುತ್ತದೆ. ಇಜಿಆರ್ ಹೆಚ್ಚಾಗಿ ಕೆಲಸ ಮಾಡುವುದು ಹಗುರ ಕಾಲಿನಲ್ಲಿ, ಒಂದೇ ವೇಗದಲ್ಲಿ ಹೋಗುವಾಗ. ಜಾಂಬೋಟಿ ರಸ್ತೆಯಲ್ಲಿ 50ರಲ್ಲಿ ಆರಾಮಾಗಿ ಹೋಗುವಾಗ ಮುಳ್ಳು ಸ್ವಲ್ಪ ಮೇಲಿದೆ, ಏರು ಬಂದರೂ ಅಷ್ಟೇ ಇದೆ ಅಂತ ನೀವು ಬರೆದಿದ್ದರೆ ನಾನೂ ಇಜಿಆರ್ ಕಡೆ ಕೈ ತೋರಿಸುತ್ತಿದ್ದೆ. ನಿಮ್ಮದು ತಿರುವುಮುರುವು. ಖಾಲಿ ಗಾಡಿ ಬೇರೆ. ಮೇಲಾಗಿ ಬೆಳಗಾವಿ ಸೀಮೆಯ ತಂಪು. ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತದೆ ಅನ್ನುವುದು ಕೂಲೆಂಟಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೂಲೆಂಟ್ 95 ಡಿಗ್ರಿ, ಗಾಳಿ 25 ಇದ್ದರೆ ಅಂತರ 70. ಇದೇ ಗಾಡಿ ಮೇ ತಿಂಗಳಲ್ಲಿ ವಿಜಯಪುರದ 42 ಡಿಗ್ರಿಯಲ್ಲಿ ನಿಂತರೆ ಅಂತರ 53. ರೇಡಿಯೇಟರಿನ ಶಕ್ತಿ ಕಾಲು ಭಾಗದಷ್ಟು ಕುಗ್ಗಿತು ಅಂತಲೇ ಅರ್ಥ. ಇಲ್ಲಿ ಎರಡು ಗೆರೆ ಏರುವ ಗಾಡಿ ಅಲ್ಲಿ ಕುದ್ದುಬಿಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಒಂದು ಲೀಟರ್. ರಿಪೇರಿ ಆದ ವಾರದಲ್ಲೇ ಒಂದು ಲೀಟರ್ ಹೋಯಿತು ಅಂದರೆ ಎರಡೇ ಅರ್ಥ. ಒಂದೋ ಇನ್ನೂ ಎಲ್ಲೋ ಸೋರುತ್ತಿದೆ, ಇಲ್ಲವೇ ಮೊದಲು ತುಂಬಿದಾಗ ಆ ಒಂದು ಲೀಟರ್ ಜಾಗದಲ್ಲಿ ಗಾಳಿ ಕೂತಿತ್ತು. ಎರಡನೆಯದೇ ಹೆಚ್ಚು ಸಾಧ್ಯ. ಹೊಲದ ಪಂಪ್‌ಸೆಟ್‌ಗೆ ಗಾಳಿ ಹಿಡಿದರೆ ಏನಾಗುತ್ತದೆ ನಿಮಗೆ ಗೊತ್ತು: ಮೋಟರ್ ತಿರುಗುತ್ತದೆ, ನೀರು ಮಾತ್ರ ಏರುವುದಿಲ್ಲ. ಎಂಜಿನ್ನಿನ ವಾಟರ್ ಪಂಪಿಗೂ ಅದೇ ಗತಿ. ಇಜಿಆರ್ ಕೂಲರ್ ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ಮೇಲ್ಭಾಗದಲ್ಲಿ, ಹೆಡ್‌ನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಪಕ್ಕ ಅಥವಾ ಹಿಂದೆ ಇರುತ್ತದೆ. ಅದನ್ನು ಬಿಚ್ಚಲು ಕೂಲೆಂಟ್ ಇಳಿಸಲೇಬೇಕು. ಮತ್ತೆ ಸುಮ್ನೆ ಮೇಲಿಂದ ಸುರಿದು, ಕೂಲೆಂಟ್ ಬಾಟಲಿ ತುಂಬಿತು ಅಂತ ಕ್ಯಾಪ್ ಹಾಕಿದರೆ ಎತ್ತರದ ಮೂಲೆಗಳಲ್ಲಿ ಗಾಳಿ ಉಳಿಯುತ್ತದೆ. ಸಪಾಟಿನಲ್ಲಿ ಒಂದು ಕಡೆ ತೆಪ್ಪಗೆ ಕೂತಿದ್ದ ಗಾಳಿ, ಘಾಟಿನಲ್ಲಿ ಗಾಡಿಯ ಮೂಗು ಮೇಲಾದಾಗ ಜಾಗ ಬದಲಿಸುತ್ತದೆ. ಹೆಚ್ಚು ಬಿಸಿ ಹುಟ್ಟುವ ಹೊತ್ತಿನಲ್ಲೇ ಹರಿವು ಕಡಿಮೆಯಾಗುತ್ತದೆ.

ಗಾಳಿ ತೆಗೆಯುವುದನ್ನು ಅವಸರದಲ್ಲಿ ಮಾಡಬಾರದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಗಾಡಿಯ ಮುಂಭಾಗ ಎತ್ತರಕ್ಕೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ಇಡಿ, ಆ ಪೈಪಿನಲ್ಲೂ ಕೂಲೆಂಟ್ ಓಡಲಿ. ಕೆಲವು ಗಾಡಿಗಳಲ್ಲಿ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹತ್ತಿರ ಅಥವಾ ಹೀಟರ್ ಪೈಪಿನ ಮೇಲೆ ಗಾಳಿ ಬಿಡುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ನಿಧಾನವಾಗಿ ಸುರಿಯಬೇಕು. ಆಮೇಲೆ ಸ್ಕ್ರೂ ಬಿಗಿದು ಎಂಜಿನ್ ಚಾಲೂ ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ಬಿಡಬೇಕು. ಬಹುತೇಕ ಎಂಜಿನ್‌ಗಳಲ್ಲಿ ಅದು 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರು ಮಾಡುತ್ತದೆ. ಅದು ತೆರೆದ ಮೇಲೆ ರೇಡಿಯೇಟರಿನ ಇನ್ನೊಂದು ತುದಿಯ ಪೈಪು ಕೂಡ ಬೆಚ್ಚಗಾಗುತ್ತದೆ. ಗಾಡಿ ಪೂರ್ತಿ ತಣಿದ ಮೇಲೆ ಬಾಟಲಿ ನೋಡಿ, ಇಳಿದಿದ್ದರೆ ತುಂಬಿ. ಇದನ್ನು ಒಂದೆರಡು ಸಲ ಮಾಡಬೇಕಾಗಬಹುದು. ಈಗ ದೊಡ್ಡ ಗ್ಯಾರೇಜುಗಳಲ್ಲಿ ವ್ಯಾಕ್ಯೂಮ್ ಹಾಕಿ ತುಂಬುವ ಉಪಕರಣ ಇರುತ್ತದೆ. ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದು, ಆಮೇಲೆ ಕೂಲೆಂಟ್ ಹೀರಿಕೊಳ್ಳುವ ಹಾಗೆ ಮಾಡುತ್ತದೆ. ಇಜಿಆರ್ ಕೂಲರ್ ಬಿಚ್ಚಿದ ಗಾಡಿಗೆ ಅದೇ ಒಳ್ಳೆಯದು. ಇನ್ನೊಂದು ಸುಲಭದ ಲೆಕ್ಕ ಇದೆ: ಇಳಿಸಿದಾಗ ಎಷ್ಟು ಲೀಟರ್ ಬಂತೋ ಅಷ್ಟು ವಾಪಸ್ ಹೋಗಲೇಬೇಕು. ಇಳಿಸಿದ್ದನ್ನು ಅಳೆಯುವ ಗ್ಯಾರೇಜು ಸಿಕ್ಕರೆ ಬಿಡಬೇಡಿ.

ಗಾಳಿ ತೆಗೆದ ಮೇಲೆ ಮಟ್ಟ ನಿಂತಿತಾ ಅನ್ನುವುದೇ ಮುಖ್ಯ. ಬೆಳಿಗ್ಗೆ ತಣ್ಣಗಿದ್ದಾಗ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿ. ಕೆಲವು ದಿನ ಓಡಿಸಿದ ಮೇಲೂ ಅಲ್ಲೇ ಇದ್ದು, ಘಾಟಿನಲ್ಲೂ ಮುಳ್ಳು ಅಲುಗಾಡದಿದ್ದರೆ ಕಥೆ ಮುಗಿಯಿತು. ಇಳಿಯುತ್ತಲೇ ಇದ್ದರೆ ಮುಂದೆ ಓದಿ.

ಮುಳ್ಳಿನ ಬಗ್ಗೆ ಒಂದು ಮಾತು. ಈಗಿನ ಎಷ್ಟೋ ಗಾಡಿಗಳಲ್ಲಿ ಮುಳ್ಳು ನಿಜ ಹೇಳುವುದಿಲ್ಲ. ಡ್ರೈವರ್ ಗಾಬರಿಯಾಗದಿರಲಿ ಅಂತ ಕಂಪನಿಯವರೇ ಅದನ್ನು ನಡುವಿನಲ್ಲಿ ಕೂರಿಸಿರುತ್ತಾರೆ. ಕೂಲೆಂಟ್ 80 ಇದ್ದರೂ 100 ಇದ್ದರೂ ಮುಳ್ಳು ಅಲ್ಲೇ. ಅಂಥ ಗಾಡಿಯಲ್ಲಿ ಮುಳ್ಳು ಎರಡು ಗೆರೆ ಎದ್ದಿತು ಅಂದರೆ ಬಿಸಿ ಆಗಲೇ ಸಾಕಷ್ಟು ಮೇಲೆ ಹೋಗಿದೆ ಅಂತ. ಆದ್ದರಿಂದ ಗಾಡಿಯ ಕಂಪ್ಯೂಟರಿನಿಂದ ಅಂಕಿ ಓದುವ ಒಬಿಡಿ ಸ್ಕ್ಯಾನರ್ ಹಚ್ಚಿ ನೋಡಿ. ಮೊಬೈಲಿಗೆ ಕೂಡುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೂಡ ಈ ಕೆಲಸಕ್ಕೆ ಸಾಕು. ಸಪಾಟಿನಲ್ಲಿ 85ರಿಂದ 95, ಗಟ್ಟಿ ಏರಿನಲ್ಲಿ 100 ದಾಟಿ ಫ್ಯಾನ್ ಓಡಿ ಮತ್ತೆ ಇಳಿಯುವುದು ಬಹುತೇಕ ಗಾಡಿಗಳಲ್ಲಿ ಸಹಜ. 110ರ ಹತ್ತಿರ ಹೋಗಿ ಇಳಿಯಲು ಒಪ್ಪದಿದ್ದರೆ ಸಹಜ ಅಲ್ಲ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅವರ ಕೈಗೆ ಮೊಬೈಲ್ ಕೊಡಿ, ಘಾಟಿನ ತಿರುವಿನಲ್ಲಿ ನೀವು ನೋಡಬೇಡಿ.

ಅಂಕಿ ಯಾವಾಗ ಏರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನಿಂತಾಗ, ನಿಧಾನ ಹೋಗುವಾಗ ಏರಿ, ವೇಗ ಹಿಡಿದಾಗ ಇಳಿದರೆ ಗಾಳಿ ಬೀಸುವ ಕಡೆ ದೋಷ, ಅಂದರೆ ಫ್ಯಾನ್. ವೇಗ ಮತ್ತು ಹೊರೆ ಹೆಚ್ಚಿದಷ್ಟೂ ಏರಿದರೆ ಕೂಲೆಂಟ್ ಹರಿವು ಕಡಿಮೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ಕಾರಣವೇ ಇಲ್ಲದೆ ಧಡಕ್ಕನೆ ಹತ್ತು ಡಿಗ್ರಿ ಏರಿ ಅಷ್ಟೇ ಬೇಗ ಬಿದ್ದರೆ ಗಾಳಿ ಹಿಡಿದಿದೆ. ಇಲ್ಲೊಂದು ಮೋಸ ಇದೆ: ಸೆನ್ಸರಿನ ತುದಿ ಕೂಲೆಂಟಿನಲ್ಲಿ ಮುಳುಗದೆ ಗಾಳಿಯಲ್ಲಿದ್ದರೆ ಅಂಕಿ ಕಡಿಮೆಯೇ ತೋರಿಸಬಹುದು, ಎಂಜಿನ್ ಕುದಿಯುತ್ತಿರುತ್ತದೆ.

ಗಾಳಿ ತೆಗೆದರೂ ಹೋಗಲಿಲ್ಲ ಅಂದರೆ, ರಿಪೇರಿಯಲ್ಲಿ ಕೈ ಎಲ್ಲೆಲ್ಲಿ ಆಡಿತು ಅಂತ ನೋಡಬೇಕು. ಹೊಸ ಪಾರ್ಟೇ ಕೆಟ್ಟಿದೆ ಅಂತ ಶುರು ಮಾಡುವವರು ಜಾಸ್ತಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ತಪ್ಪು ಸಿಗುವುದು ಅದರ ಸುತ್ತ. ಜಾಗ ಮಾಡಿಕೊಳ್ಳಲು ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಬಿಚ್ಚಿರುತ್ತಾರೆ, ಕ್ಲಿಪ್ ಮುರಿದಿದೆ ಅಂತ ಹಾಗೇ ಬಿಟ್ಟಿರುತ್ತಾರೆ. ಕವಚ ಇಲ್ಲದ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನೇ ತಿರುಗಿಸುತ್ತದೆ, ರೇಡಿಯೇಟರ್ ಮೂಲಕ ಎಳೆಯುವುದಿಲ್ಲ. ಎರಡನೇ ಗೇರಿನಲ್ಲಿ ಘಾಟು ಹತ್ತುವ ಗಾಡಿಗೆ ಇದೇ ಸಾಕು. ಎಲೆಕ್ಟ್ರಿಕ್ ಫ್ಯಾನ್ ಆದರೆ ಕನೆಕ್ಟರ್ ಹಾಕಿದ್ದಾರಾ, ಎರಡೂ ಸ್ಪೀಡಿನಲ್ಲಿ ಓಡುತ್ತದಾ ನೋಡಿ. ಎಸಿ ಇದ್ದರೆ ಆನ್ ಮಾಡಿದ ತಕ್ಷಣ ಫ್ಯಾನ್ ತಿರುಗಬೇಕು. ಎಂಜಿನ್ನಿಗೇ ಕೂಡಿಸಿದ ವಿಸ್ಕಸ್ ಫ್ಯಾನ್ ಆದರೆ ಬಿಸಿ ಎಂಜಿನ್ ಆಫ್ ಮಾಡಿ, ಚಾವಿ ತೆಗೆದು, ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಿರುಗಬೇಕು. ಗಿರ್ರನೆ ಸುತ್ತು ಹೊಡೆದರೆ ಅದರೊಳಗಿನ ಎಣ್ಣೆ ಹೋಗಿದೆ.

ಪೈಪುಗಳನ್ನೂ ಬೆರಳಾಡಿಸಿ ನೋಡಿ. ಕೂಲರಿಗೆ ಹೋಗುವ ರಬ್ಬರ್ ಪೈಪು ಎಲ್ಲಾದರೂ ಮಡಚಿಕೊಂಡಿರಬಹುದು. ಗ್ಯಾಸ್ಕೆಟ್ ಬದಲು ಸಿಲಿಕಾನ್ ಪೇಸ್ಟ್ ಧಾರಾಳವಾಗಿ ಹಚ್ಚುವ ಅಭ್ಯಾಸ ಕೆಲವರಿಗಿದೆ. ಹೊರಗೆ ಉಬ್ಬಿ ಕಂಡಷ್ಟೇ ಒಳಗೂ ಉಬ್ಬಿರುತ್ತದೆ, ಆ ಚೂರು ಹೋಗಿ ಸಣ್ಣ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಯಾಪ್ ಕೂಡ ಮರೆಯಬೇಡಿ. ಒಂದು ಬಾರ್ ಸುಮಾರಿನ ಒತ್ತಡವನ್ನು ಅದು ಹಿಡಿದಿಡುವುದರಿಂದಲೇ ಕೂಲೆಂಟ್ 120 ಡಿಗ್ರಿಯವರೆಗೂ ಕುದಿಯದೆ ಇರುವುದು. ಕ್ಯಾಪಿನ ರಬ್ಬರ್ ಹರಿದಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟ್ ಬೇಗ ಕುದಿಯುತ್ತದೆ, ಉಕ್ಕಿ ಹೊರಗೂ ಹೋಗುತ್ತದೆ. ಹೊಸ ಕ್ಯಾಪ್ ಅಗ್ಗದ ವಸ್ತು, ಅನುಮಾನ ಬಂದರೆ ಬದಲಿಸಿಬಿಡಿ. ಆದರೆ ಮೇಲೆ ಬರೆದಿರುವ ಒತ್ತಡದ ಅಂಕಿ ಹಳೆಯದರಷ್ಟೇ ಇರಲಿ.

ಈಗ ನಿಮ್ಮ ಮಿಸ್ತ್ರಿಗಿಂತ ನಿಮ್ಮ ಕಡೆಗೇ ಬರುವ ಮಾತು. ಕೆಲವು ತಿಂಗಳು ನೀರು ಹಾಕಿಕೊಂಡು ಓಡಿಸಿದಿರಿ. ಯಾವ ನೀರು? ಬೋರ್‌ವೆಲ್ ನೀರಾಗಿದ್ದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿರುವ ಸಾಧ್ಯತೆ ಇದೆ. ಬಾಗಲಕೋಟೆ, ವಿಜಯಪುರ ಕಡೆಯ ಗಡಸು ನೀರು ಹಾಕಿದ ರೇಡಿಯೇಟರ್ ಬಿಚ್ಚಿದರೆ ಒಳಗೆ ಬಿಳಿ ಪದರ ಕಣ್ಣಿಗೇ ಕಾಣುತ್ತದೆ. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬಿಸಿ ರೇಡಿಯೇಟರಿನ ಮೈ ಮೇಲೆ ಅಡ್ಡಡ್ಡ ಅಳೆಯಿರಿ. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ಕೂಲೆಂಟ್ ಹರಿಯುತ್ತಿಲ್ಲ. ಹೊಳೆಯುವ ಲೋಹದ ಮೇಲೆ ಆ ಯಂತ್ರ ಕಡಿಮೆ ತೋರಿಸುತ್ತದೆ, ಕಪ್ಪು ಬಣ್ಣದ ಜಾಗ ಅಥವಾ ರಬ್ಬರ್ ಮೇಲೆ ಅಳೆಯಬೇಕು. ಹೊರಗಿನ ರೆಕ್ಕೆಗಳನ್ನೂ ನೋಡಿ. ಮಳೆಗಾಲದ ಕೆಂಪು ಕೆಸರು, ಕಬ್ಬಿನ ಹಂಗಾಮಿನಲ್ಲಿ ಹಾರುವ ರವದಿ, ಎಲ್ಲ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸೇರಿ ಕೂರುತ್ತವೆ. ಮುಂದಿನಿಂದ ನೋಡಿದರೆ ಚೊಕ್ಕ ಕಾಣುತ್ತದೆ.

ಇಲ್ಲೇ ಒಂದು ಅನುಮಾನ ಹೇಳಿಬಿಡುತ್ತೇನೆ. ಕೂಲರ್ ಒಡೆದಿದ್ದರಿಂದ ಕೂಲೆಂಟ್ ಕಡಿಮೆಯಾಯಿತು ಅಂತ ನೀವು ತಿಳಿದಿದ್ದೀರಿ. ಉಲ್ಟಾ ಕೂಡ ಆಗಿರಬಹುದು. ಕೂಲೆಂಟ್ ಕಡಿಮೆ ಇದ್ದಾಗ, ಹರಿವು ಕುಗ್ಗಿದಾಗ, ಕೂಲರಿನ ಒಳಗೆ ಕೂಲೆಂಟ್ ಕುದಿಯುತ್ತದೆ. ಒಂದು ಕಡೆ ಉರಿಯುವ ಹೊಗೆ, ಇನ್ನೊಂದು ಕಡೆ ಆವಿ, ನಡುವಿನ ತೆಳು ತಗಡು ಬಿರುಕು ಬಿಡುತ್ತದೆ. ಹಾಗಾಗಿದ್ದರೆ ನಿಮ್ಮ ಗಾಡಿಯ ಬಿಸಿಯ ಕಾಯಿಲೆ ರಿಪೇರಿಗಿಂತ ಹಳೆಯದು, ಹೊಸ ಕೂಲರನ್ನೂ ಅದು ತಿನ್ನುತ್ತದೆ. ರೇಡಿಯೇಟರ್ ಮತ್ತು ಫ್ಯಾನ್ ಪರೀಕ್ಷೆಯನ್ನು ಬಿಡಬೇಡಿ ಅಂತ ಒತ್ತಿ ಹೇಳುವುದು ಇದಕ್ಕೇ.

ಮಟ್ಟ ಇಳಿಯುತ್ತಲೇ ಇದ್ದರೆ ಮೊದಲು ತಣ್ಣಗಿನ ಎಂಜಿನ್ನಿಗೆ ಪ್ರೆಶರ್ ಪಂಪ್ ಹಚ್ಚಿ, ಕ್ಯಾಪಿನ ಮೇಲೆ ಬರೆದಿರುವಷ್ಟು ಒತ್ತಡ ತುಂಬಿ ಕಾಲು ಗಂಟೆ ಹಾಗೇ ಇರಲು ಬಿಡಿ. ಪಂಪಿನ ಒತ್ತಡದ ಮುಳ್ಳು ಇಳಿದರೆ ಸೋರಿಕೆ ಇದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಪೈಪು ಕಲ್ಲಿನಂತೆ ಬಿಗಿದರೆ, ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ ಬಂದರೆ, ಹೊಗೆ ಕೂಲೆಂಟಿಗೆ ನುಗ್ಗುತ್ತಿದೆ. ಎಲ್ಲರೂ ತಕ್ಷಣ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲು) ಹೋಗಿದೆ ಅನ್ನುತ್ತಾರೆ. ಕೂಲೆಂಟಿಗೆ ಹೊಗೆ ಸೇರಿದೆಯಾ ಅಂತ ತೋರಿಸುವ ನೀಲಿ ದ್ರವದ ಪರೀಕ್ಷೆ ಮಾಡಿ, ಬಣ್ಣ ಬದಲಾಯಿತು ನೋಡಿ ಅನ್ನುತ್ತಾರೆ. ಆದರೆ ನಿಮ್ಮ ಗಾಡಿಯಲ್ಲಿ ಹೊಗೆ ಬರಲು ಎರಡು ದಾರಿ ಇವೆ: ಹೆಡ್ ಗ್ಯಾಸ್ಕೆಟ್ ಮತ್ತು ಹೊಸ ಇಜಿಆರ್ ಕೂಲರ್. ಆ ದ್ರವ ಎರಡಕ್ಕೂ ಬಣ್ಣ ಬದಲಿಸುತ್ತದೆ. ಹೆಡ್ ಇಳಿಸುವುದಕ್ಕೆ ಮೊದಲು ಕೂಲರ್ ಬಿಚ್ಚಿಸಿ, ಬಾಯಿ ಮುಚ್ಚಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ನೋಡಲು ಹೇಳಿ. ಹೆಡ್ ಕೆಲಸದ ಖರ್ಚಿನ ಮುಂದೆ ಇದು ಏನೂ ಅಲ್ಲ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅದರ ಬಗ್ಗೆ ನೀವು ಕೇಳಲಿಲ್ಲ, ಆದರೆ ಅದು ಈ ಕಥೆಯಲ್ಲಿದೆ. ಒಡೆದ ಕೂಲರಿನ ಕೂಲೆಂಟ್ ಇಷ್ಟು ದಿನ ಹೊಗೆಯ ಜೊತೆ ಹೋಗಿದೆ, ಮಸಿ ಜಾಸ್ತಿ ಕೂತಿರಬಹುದು. ಮಸಿ ಸುಡಲು ಗಾಡಿ ತಾನಾಗಿ ರೀಜೆನ್ ಮಾಡುತ್ತದೆ, ಆಗ ಫಿಲ್ಟರಿನೊಳಗೆ 600 ಡಿಗ್ರಿ ಆಸುಪಾಸು ಬಿಸಿ. ಐಡಲ್ ಏರುತ್ತದೆ, ಫ್ಯಾನ್ ಜೋರಾಗಿ ಓಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಅಪರೂಪಕ್ಕೆ ಆದರೆ ಸರಿ. ಪ್ರತಿ ಟ್ರಿಪ್ಪಿನಲ್ಲೂ ಆಗುತ್ತಿದ್ದರೆ ಸ್ಕ್ಯಾನರಿನಲ್ಲಿ ಡಿಪಿಎಫ್ ಒತ್ತಡದ ಅಂಕಿ ನೋಡಿಸಿ. ಹೊಗೆಗೆ ದಾರಿ ಕಟ್ಟಿದರೆ ಬಿಸಿ ಎಂಜಿನ್ನಿನಲ್ಲೇ ಉಳಿಯುತ್ತದೆ, ಏರಿನಲ್ಲಿ ಎಳೆತವೂ ಬೀಳುತ್ತದೆ. ಅದೇ ಹೊತ್ತಿಗೆ ಇಜಿಆರ್ ವಾಲ್ವಿನ ಲರ್ನಿಂಗ್ ಮಾಡಿದ್ದಾರಾ ಕೇಳಿ. ತೊಳೆದ ವಾಲ್ವ್ ಪೂರ್ತಿ ಮುಚ್ಚುವ ಜಾಗ ಎಲ್ಲಿ ಅಂತ ಇಸಿಎಂಗೆ ಹೊಸದಾಗಿ ತಿಳಿಸದಿದ್ದರೆ, ಮುಚ್ಚಬೇಕಾದಾಗಲೂ ಸ್ವಲ್ಪ ತೆರೆದೇ ಇರಬಹುದು. ಆಗ ಕಪ್ಪು ಹೊಗೆ, ಹೆಚ್ಚು ಮಸಿ, ಮತ್ತೆ ರೀಜೆನ್.

ಪೆಟ್ರೋಲ್ ಗಾಡಿಯವರಿಗೆ ಒಂದೇ ಸಾಲು: ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ಆಕ್ಸಿಜನ್ ಸೆನ್ಸರ್ ಬದಲಿಸಿದ ಮೇಲೆ ಬಿಸಿ ಹೆಚ್ಚಾದರೆ ಎಕ್ಸಾಸ್ಟ್ ಕಟ್ಟಿದೆಯಾ, ಸೆನ್ಸರ್ ವೈರು ಸರಿಯಾಗಿದೆಯಾ, ಬಿಚ್ಚಿದ ಹೀಟ್ ಶೀಲ್ಡ್ ವಾಪಸ್ ಹಾಕಿದ್ದಾರಾ ನೋಡಿ.

ಈಗ ಪ್ಲೇಟ್. ಇಜಿಆರ್ ಬಂದ್ ಮಾಡಿದರೆ ಕೂಲೆಂಟಿನ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಸಿಲಿಂಡರಿನ ಒಳಗಿನ ಉರಿ ಹೆಚ್ಚಾಗುತ್ತದೆ. ಬಿಎಸ್6 ಗಾಡಿಯ ಇಸಿಎಂ ಇದನ್ನು ಹಿಡಿದು ಲೈಟ್ ಹಚ್ಚುತ್ತದೆ, ಎಷ್ಟೋ ಗಾಡಿಗಳಲ್ಲಿ ಶಕ್ತಿಯನ್ನೂ ಕಡಿತ ಮಾಡುತ್ತದೆ. ಪಿಯುಸಿ ಪಾಸಾಗುತ್ತದೆ ಅಂತ ಹೇಳುವವರಿದ್ದಾರೆ. ಡೀಸೆಲ್ ಪಿಯುಸಿಯಲ್ಲಿ ಹೊಗೆಯ ಕಪ್ಪು ಮಾತ್ರ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ, ಅದಕ್ಕೆ ಪಾಸಾಗುತ್ತದೆ ಅಷ್ಟೇ. ಪಾಸಾದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಮಾಲಿನ್ಯದ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊಟ್ಟೆಪಾಡಿನ ಗಾಡಿಗೆ ಈ ಆಟ ಬೇಕಾ?

ಥರ್ಮೋಸ್ಟಾಟ್ ತೆಗೆಯುವ ಸಲಹೆ ಹಳೆಯ ಕಾಲದ್ದು. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ತಾನೇ ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದಿರುತ್ತದೆ, ಕೂಲೆಂಟಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಸುತ್ತುತ್ತದೆ. ಏರಿನಲ್ಲಿ ಬಿಸಿ ಇನ್ನೂ ಹೆಚ್ಚಾಗುತ್ತದೆ, ಸಪಾಟಿನಲ್ಲಿ ಎಂಜಿನ್ ಬೆಚ್ಚಗಾಗುವುದೇ ಇಲ್ಲ, ಡಿಪಿಎಫ್ ಬೇಗ ಕಟ್ಟುತ್ತದೆ. ಥರ್ಮೋಸ್ಟಾಟ್ ಮೇಲೆ ಅನುಮಾನ ಇದ್ದರೆ ಹೊಸದು ಹಾಕಿಸಿ.

ತುಂಬುವಾಗ ಕಂಪನಿ ಹೇಳಿದ ಜಾತಿಯ ಕೂಲೆಂಟನ್ನೇ ತನ್ನಿ. ಬಣ್ಣ ನೋಡಿ ಹೊಂದಿಸಬೇಡಿ, ಬಣ್ಣಕ್ಕೆ ನಿಯಮವಿಲ್ಲ. ಡಬ್ಬಿಯಲ್ಲಿ ಗಟ್ಟಿ ಕೂಲೆಂಟ್ ಇದ್ದರೆ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಬೇಕು. ಗಟ್ಟಿಯಾಗಿ ಹಾಕಿದರೆ ಒಳ್ಳೆಯದು ಅಂತ ಕೆಲವರು ಹಾಗೇ ಸುರಿಯುತ್ತಾರೆ. ಬಿಸಿ ಹೊರುವ ಶಕ್ತಿ ನೀರಿಗೇ ಹೆಚ್ಚು, ಕೂಲೆಂಟಿನಲ್ಲಿರುವ ಗ್ಲೈಕಾಲ್‌ಗೆ ಕಡಿಮೆ, ಹಾಗಾಗಿ ಗಟ್ಟಿ ಕೂಲೆಂಟ್ ಕೂಡ ಗಾಡಿಯನ್ನು ಬಿಸಿ ಮಾಡುತ್ತದೆ. ನಿಮಗೆ ತುಂಬಿದ್ದು ಯಾವುದು ಅಂತ ಗ್ಯಾರೇಜಿನಲ್ಲಿ ಕೇಳಿ.

ಅಲ್ಲಿಯವರೆಗೆ ಊರೊಳಗೆ, ಸಪಾಟಿನಲ್ಲಿ, ದಿನಾ ಬೆಳಿಗ್ಗೆ ಬಾಟಲಿ ನೋಡಿಕೊಂಡು ಓಡಿಸಬಹುದು. ಘಾಟು ಬೇಡ. ಅನಮೋಡ ಕಡೆಯಿಂದ ಹೋದರೂ ಏರು ಏರೇ. ಎಲ್ಲಾದರೂ ಏರಿನಲ್ಲಿ ಬಿಸಿಯಾದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಜಾಗ ಸಿಕ್ಕ ಕಡೆ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಆವಿ ಕಂಡರೆ, ಕೂಲೆಂಟ್ ಹೊರಗೆ ಬಂದಿದ್ದರೆ ಅಥವಾ ಕೆಂಪು ಲೈಟ್ ಬಂದರೆ ತಕ್ಷಣ ಆಫ್ ಮಾಡಿ. ಬಿಸಿ ಇದ್ದಾಗ ಕ್ಯಾಪಿಗೆ ಕೈ ಹಚ್ಚಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೇ ಹಾರುತ್ತದೆ. ಗಾಳಿ ತೆಗೆಸುವುದು ಅರ್ಧ ದಿನದ ಕೆಲಸ. ಅದಾಗುವವರೆಗೆ ಗೋವಾದ ಬಾಡಿಗೆಯನ್ನು ಬೇರೆ ಗಾಡಿಗೆ ಕೊಟ್ಟುಬಿಡಿ.